ಕಪ್ಪು ಬಣ್ಣ ಮತ್ತು ಬಲಗಣ್ಣು

1986ರ ಬೇಸಿಗೆ. ಜೇವರ್ಗಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ತಗಡಿನ ಸೂರಿನ ಕೆಳಗೆ ನನ್ನ ಕ್ಯಾಮೆರಾ ರಿಪೇರಿ ಅಂಗಡಿ ಇತ್ತು. ಹಳೆಯ ಕ್ಯಾಮೆರಾಗಳ ಸವೆದ ಕಪ್ಪು ಬಣ್ಣವನ್ನೂ ತಿದ್ದಿಕೊಡುತ್ತಿದ್ದೆ. ಅವುಗಳ ಮೈ ಹಿತ್ತಾಳೆಯದು. ಬೆರಳು ತಾಗುವ ಅಂಚಿನಲ್ಲಿ ಬಣ್ಣ ಹೋಗಿ ಹಳದಿ ಲೋಹ ಇಣುಕುತ್ತಿತ್ತು. ಅಲ್ಲಿಗೆ ಸಣ್ಣ ಕುಂಚದಿಂದ ಎನಾಮೆಲ್ ಬಣ್ಣವನ್ನು ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಬೇಕು.

ಆಳಂದದಲ್ಲಿ ಸ್ಟುಡಿಯೊ ಇಟ್ಟಿದ್ದ ಖಾಜಾಸಾಬರು ಒಂದು ಮಧ್ಯಾಹ್ನ ತಮ್ಮ ತಂದೆಯ ಕಾಲದ ಕ್ಯಾಮೆರಾ ತಂದರು.

"ಮದುವಿ ಮನ್ಯಾಗ ನಗ್ತಾರ್ರಿ ಈರಣ್ಣ. ಗುಜರಿ ಮಾಲು ತಂದಾನ ಅಂತಾರ. ಕರ್ರಗ ಮಾಡಿಕೊಡ್ರಿ."

ಅದಕ್ಕೆ ಯಾರೋ ಕಿಟಕಿಗೆ ಬಳಿಯುವ ಬಣ್ಣ ಮೆತ್ತಿದ್ದರು. ಅದು ಸಿಪ್ಪೆ ಏಳುತ್ತಿತ್ತು. ಮೊದಲು ಅದನ್ನು ಪೇಂಟ್ ರಿಮೂವರ್‌ನಿಂದ ಕೀಳಬೇಕಿತ್ತು. ಹೊಸ ಡಬ್ಬಿ ಎತ್ತಿಕೊಂಡೆ. ಆ ದ್ರವ ನಲವತ್ತು ಡಿಗ್ರಿಗೇ ಕುದಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರಲಿಲ್ಲ, ಮಾರಿದವರೂ ಹೇಳಿರಲಿಲ್ಲ. ಅಂಗಡಿಯೊಳಗೆ ಅದಕ್ಕಿಂತ ಹೆಚ್ಚು ಕಾವಿತ್ತು. ಮುಚ್ಚಳ ತಿರುಗಿಸಿದ್ದೇ ತಡ, ಬುಸ್ಸೆಂದು ಚಿಮ್ಮಿ ಬಲಗಣ್ಣಿಗೆ ಬಡಿಯಿತು.

ಕೆಂಡ ಇಟ್ಟಂತಾಯಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಭೂತಗನ್ನಡಿ ಇಟ್ಟು ಸ್ಕ್ರೂ ನೋಡುತ್ತಿದ್ದುದು ಇದೇ ಕಣ್ಣಿನಿಂದ.

"ಕಣ್ಣು ಹೋತ್ರಿ ಖಾಜಾಸಾಬ್ರ!" ಎಂದು ಕೂಗಿದೆ.

ಅವರು ನನ್ನ ಕತ್ತು ಹಿಡಿದು ರಸ್ತೆಯಾಚೆಯ ಬೋರಿಂಗಿನ ಕೈಪಂಪಿಗೆ ಎಳೆದೊಯ್ದರು. ಅಲ್ಲಿ ಕೊಡ ತುಂಬುತ್ತಿದ್ದ ಚಹಾ ಅಂಗಡಿಯ ಶರಣಮ್ಮನಿಗೆ, "ಹೊಡಿಯವ್ವ, ಬಿಡಬ್ಯಾಡ!" ಎಂದರು. ತಾವೇ ಬೆರಳಿನಿಂದ ನನ್ನ ರೆಪ್ಪೆ ಬಿಡಿಸಿ ಹಿಡಿದರು. ನಾನು ಕೊಸರಾಡಿದೆ.

"ನನಗ ಬೈರಿ, ಹೊಡೀರಿ, ಏನರೆ ಮಾಡ್ರಿ. ಕಣ್ಣ ಮಾತ್ರ ಮುಚ್ಚಬ್ಯಾಡ್ರಿ!"

ಶರಣಮ್ಮನ ತೋಳು ಸೋಲುವವರೆಗೂ ನೀರು ಬಿತ್ತು.

ಸರಕಾರಿ ಆಸ್ಪತ್ರೆಯ ಡಾಕ್ಟರು ಮುಲಾಮು ಹಾಕಿ ಪಟ್ಟಿ ಕಟ್ಟಿದರು. ದೃಷ್ಟಿ ಉಳಿಯುತ್ತದೆಯೇ ಎಂದು ಕೇಳಿದರೆ, "ಈಗ ಹೇಳಾಕ ಬರಂಗಿಲ್ಲ" ಎಂದರು. ಮನೆಯಲ್ಲಿ ಎಡಗಣ್ಣೂ ಮುಚ್ಚಿ ಕತ್ತಲೆಯಲ್ಲಿ ತಟ್ಟೆ, ಲೋಟ ಮುಟ್ಟಿ ನೋಡಿದೆ. ಕುರುಡಾದರೆ ಹೀಗೇ ಇರಬೇಕು. ಹೆಂಡತಿ ಗಂಗಮ್ಮ ಕೈ ಹಿಡಿದು, "ಹಂಗ್ಯಾಕ ಮಾಡ್ತೀರಿ, ನಾ ಇದ್ದೇನಿ" ಎಂದಳು.

ಪಟ್ಟಿ ಬಿಚ್ಚಿದ ದಿನ ಬರೀ ಮಂಜು ಕಂಡಿತು. ಡಾಕ್ಟರು ಬೆರಳು ಅಲ್ಲಾಡಿಸಿದರು. ಮಂಜಿನೊಳಗೆ ಏನೋ ಸರಿದಾಡಿತು. "ನೀರು ಹಾಕಿದವ್ರಿಗೆ ಕೈ ಮುಗೀರಿ" ಎಂದರು ಅವರು. ವಾರಗಳು ಕಳೆದಂತೆ ಮಂಜು ತಿಳಿಯಾಯಿತು.

ಆದರೆ ಹೆದರಿಕೆ ಹೋಗಲಿಲ್ಲ. ಆ ಡಬ್ಬಿ ಕಂಡರೇ ಕಾಲು ಹಿಂದೆ ಸರಿಯುತ್ತಿತ್ತು. ಕ್ಯಾಮೆರಾ ವಾಪಸು ಒಯ್ಯಿರಿ ಎಂದೆ. ಖಾಜಾಸಾಬರು ಒಪ್ಪಲಿಲ್ಲ. "ನಿಮಗ ಅಂಜಿಕಿ ಹೋಗೂತನಕ ನಾ ಕಾಯ್ತೇನಿ."

ಹೋಗುವವರೆಗೆ ನಾನೇ ಕಾಯಲಿಲ್ಲ. ಡಬ್ಬಿಯನ್ನು ತಣ್ಣೀರಿನಲ್ಲಿ ಇಳಿಬಿಟ್ಟು, ವೆಲ್ಡಿಂಗ್ ಅಂಗಡಿಯಿಂದ ಕನ್ನಡಕ ತಂದು ಹಾಕಿಕೊಂಡು, ಡಬ್ಬಿಗೆ ಒದ್ದೆ ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಸಣ್ಣಗೆ ಗಾಳಿ ಹೊರಟು ನಿಂತಿತು. ಹಳೆಯ ಬಣ್ಣ ಕಿತ್ತು, ಎನಾಮೆಲ್ ಹಚ್ಚಿ ಕೆಲಸ ಮುಗಿಸಿದೆ. ಕ್ಯಾಮೆರಾ ಅಪ್ಪಟ ಕಪ್ಪಾಗಿ ಆಳಂದಕ್ಕೆ ಹೋಯಿತು.

ಕೆಲಸದಲ್ಲಿ ಕೈ ಪಳಗಿದರೆ ಭಯ ಹೋಗುತ್ತದೆ ಎಂದು ಅಂದುಕೊಂಡಿದ್ದೆ. ಹೋಗುವುದಿಲ್ಲ, ಹೋಗಲೂಬಾರದು. ಮುಚ್ಚಳ ತೆರೆಯುವ ಮುನ್ನ ಒಂದು ಗಳಿಗೆ ನನ್ನನ್ನು ತಡೆದು ನಿಲ್ಲಿಸುತ್ತಿದ್ದುದು ಅದೇ.