ದೊಡ್ಡಪ್ಪ ಸಿಗರೇಟು ಬಿಟ್ಟ ಮೇಲೆ

ದೊಡ್ಡಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನವೇ ದೊಡ್ಡಪ್ಪ ಸಿಗರೇಟು ಬಿಟ್ಟರು. ಆಸ್ಪತ್ರೆಯಿಂದ ಬರುತ್ತಾ ಪ್ಯಾಕೆಟ್ಟನ್ನು ಚರಂಡಿಗೆ ಎಸೆದವರು ಮತ್ತೆ ಮುಟ್ಟಲಿಲ್ಲ. ಜನ ಅವರನ್ನು ಹೊಗಳಿ ಅಟ್ಟಕ್ಕೇರಿಸಿದರು. ದೊಡ್ಡಮ್ಮನ ಮೈ ಉರಿದದ್ದು ಇದಕ್ಕೆ.

ಅವಳು ಪರದೆ ಹೊಲಿಯುವವಳು, ಅವರು ಗಡಿಯಾರ ರಿಪೇರಿ ಮಾಡುವವರು. ತಂಗಿಯ ಮಗಳಾದ ನಾನು ಅವಳ ಮನೆಯಲ್ಲೇ ಬೆಳೆದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡವಳು. ಇಬ್ಬರ ಕೆಲಸವೂ ಮುಂದಿನ ಒಂದೇ ಕೋಣೆಯಲ್ಲಿ. ಕೂದಲೆಳೆಯಂಥ ಸ್ಪ್ರಿಂಗು ಗಾಳಿಗೆ ಹಾರಿಹೋಗುತ್ತದೆಂದು ದೊಡ್ಡಪ್ಪ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಕಂಡವರ ಕಿಟಕಿಗೆಲ್ಲ ಪರದೆ ಹೊಲಿದವಳು ತನ್ನ ಕೋಣೆಯ ಕಿಟಕಿ ತೆರೆಯಲು ಗಂಡನ ಅಪ್ಪಣೆಗೆ ಕಾಯಬೇಕಿತ್ತು. ಅವರೋ, ಒಂದು ಸಿಗರೇಟಿನ ತುದಿಯಿಂದಲೇ ಇನ್ನೊಂದನ್ನು ಹಚ್ಚುವವರು. ಗಿರಾಕಿಗಳು "ಹೊಗೆ ವಾಸನೆ ಬರ್ತಿದೆ" ಎಂದು ಪರದೆಗಳನ್ನು ವಾಪಸ್ ತಂದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡುವವಳೂ ದೊಡ್ಡಮ್ಮನೇ. ಪರದೆಯ ಚಿಂತೆ ಎಲ್ಲರಿಗೂ ಇತ್ತು.

"ರೀ, ಹೊರಗಾದ್ರೂ ಹೋಗಿ ಸೇದಿ" ಎಂದು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಳು.

"ಬಾಯಲ್ಲಿ ಇದಿಲ್ದಿದ್ರೆ ಕೈ ನಡುಗುತ್ತೆ ಕಣೇ. ಬಿಡೋದು ನನ್ನಿಂದ ಆಗದ ಮಾತು" ಎನ್ನುತ್ತಿದ್ದರು.

ಈಗ ಬಿಟ್ಟರೆ ಕೈ ನಡುಗಲೂ ಇಲ್ಲ. ಅವರಿಗೆ ಒಂದು ಕೆಮ್ಮೂ ಇಲ್ಲ.

"ಇಷ್ಟು ಸಲೀಸಾಗಿತ್ತಾ?" ದೊಡ್ಡಮ್ಮ ನನ್ನನ್ನು ಕೇಳಿದಳು. "ನಾನು ಬೇಡ್ಕೊಂಡಾಗ ಯಾಕೆ ಆಗ್ಲಿಲ್ಲ ಹಾಗಾದ್ರೆ?"

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಬಂದವರಿಗೆಲ್ಲ ದೊಡ್ಡಪ್ಪ, "ಎಲ್ಲ ಬಟ್ಟೆ ಧೂಳು. ಹೊಲಿಗೆ ಸಾಕು ಅಂದ್ರೆ ಇವಳೆಲ್ಲಿ ಕೇಳಿದ್ಲು" ಎಂದು ಹೇಳತೊಡಗಿದರು. ಡಾಕ್ಟರಮ್ಮನ ಬಾಯಿಂದಲೂ ಅದನ್ನೇ ಹೊರಡಿಸಲು ನೋಡಿದರು.

"ಆ ಕೋಣೇಲಿ ಸಿಗರೇಟು ಸೇದ್ತಿದ್ದೋರು ಯಾರು?" ಎಂದು ಆಕೆ ಕೇಳಿದರು. "ಒಬ್ಬರ ವಿಷಯದಲ್ಲಿ ಇದೇ ಕಾರಣ ಅಂತ ಪ್ರಮಾಣ ಮಾಡಿ ಹೇಳೋಕಾಗಲ್ಲ. ಆದ್ರೆ ಸೇದೋರ ಪಕ್ಕ ಕೂತು ವರ್ಷಗಟ್ಟಲೆ ಆ ಹೊಗೆ ಕುಡಿದೋರಿಗೂ ಈ ಕ್ಯಾನ್ಸರ್ ಬರುತ್ತೆ. ನನ್ನ ಅನುಮಾನ ಬಟ್ಟೆ ಮೇಲಲ್ಲ."

ದೊಡ್ಡಪ್ಪ ಮನೆಗೆ ಬಂದವರೇ ಪಕ್ಕದ ಮನೆಯವರಿಗೆ ಮತ್ತೆ ಬಟ್ಟೆ ಧೂಳಿನ ಕತೆ ಹೇಳಿದರು.

ಅವತ್ತು ದೊಡ್ಡಮ್ಮ ಹಟ ತೊಟ್ಟಳು. ತನ್ನ ಉಸಿರು ನಿಲ್ಲುವ ಮೊದಲು ನಿಜ ಅವರ ಬಾಯಿಂದಲೇ ಬರಬೇಕು, ಅದೂ ನಾಲ್ಕು ಜನರ ಮುಂದೆ. ಅವರ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟಳು. ಅವರು ನೀರಿನ ಲೋಟ ಹಿಡಿದು ನಿಂತರೆ ನನ್ನ ಕಡೆ ಮುಖ ತಿರುಗಿಸುತ್ತಿದ್ದಳು.

"ಏನು ಮಾಡಿದ್ರೆ ಕ್ಷಮಿಸ್ತೀಯಾ ಹೇಳು" ಎಂದು ಅವರು ಗೋಗರೆದರು.

"ಬಂದೋರಿಗೆ ನಿಜ ಹೇಳಿ."

ಭಾನುವಾರ ದೊಡ್ಡಪ್ಪನ ಅಕ್ಕ ಬಂದರು. ತಮ್ಮನ ಬೆನ್ನು ಸವರುತ್ತಾ, "ಹೆಂಡತಿಗೋಸ್ಕರ ಚಟಾನೇ ಬಿಟ್ಟ. ಇಂಥ ಗಂಡ ಯಾರಿಗೆ ಸಿಗ್ತಾನೆ" ಎಂದರು. ದೊಡ್ಡಮ್ಮ ಕಷ್ಟಪಟ್ಟು ಎದ್ದು ಕೂತು ಗಂಡನನ್ನೇ ನೋಡಿದಳು.

ದೊಡ್ಡಪ್ಪ ತಲೆ ತಗ್ಗಿಸಿದರು. "ಅಕ್ಕಾ, ಬಟ್ಟೆ ಧೂಳಲ್ಲ. ಇವಳನ್ನ ಹೀಗೆ ಮಾಡಿದ್ದು ನನ್ನ ಹೊಗೆ." ಗೊಳೋ ಎಂದು ಅತ್ತರು. ಹೋಗಲಿ ಬಿಡಿ ಎಂಬ ಮಾತಿಗೆ ಕಾದರು.

"ಸ್ವಲ್ಪ ಜೋರಾಗಿ ಹೇಳಿ" ಎಂದಳು ದೊಡ್ಡಮ್ಮ. "ಅತ್ತಿಗೆಗೆ ಕಿವಿ ಮಂದ."

ಅತ್ತಿಗೆಯ ಕಿವಿ ಚೆನ್ನಾಗಿಯೇ ಇತ್ತು. ದೊಡ್ಡಪ್ಪ ಮತ್ತೆ ಹೇಳಿದರು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಅವಳದು ಆಗಲಿಲ್ಲ. ಪಕ್ಕದ ಮನೆಯವರಿಗೆ ಹೇಳಿಸಿದಳು, ಹೊಲಿಗೆ ಮಿಷನ್ನು ಕೊಳ್ಳಲು ಬಂದವಳಿಗೆ ಹೇಳಿಸಿದಳು, ಹಾಲಿನವನನ್ನೂ ಬಿಡಲಿಲ್ಲ. ನೀರನ್ನು ಮಾತ್ರ ಅವರ ಕೈಯಿಂದ ಕುಡಿಯತೊಡಗಿದಳು.

"ಈಗ ಕ್ಷಮಿಸಿದ್ಯಾ?" ಎಂದು ಅವರು ಕೇಳಿದರೆ, "ಇನ್ನೂ ಜನ ಬರೋದಿದೆ" ಎಂದಳು.

ಅವಳು ಹೋದ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿ ಕುಗ್ಗಿ ಕೂತಿದ್ದ ದೊಡ್ಡಪ್ಪನನ್ನು ನೋಡಿ ದೂರದ ನೆಂಟರೊಬ್ಬರು ನನ್ನ ಬಳಿ ಬಂದರು. "ಪಾಪ, ಎಷ್ಟು ಚೆನ್ನಾಗಿ ನೋಡ್ಕೊಂಡ್ರಂತೆ. ಅವಳಿಗೆ ಏನಾಗಿತ್ತಮ್ಮಾ?" ಎಂದು ಕೇಳಿದರು. ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಅವರ ಕೈ ಹಿಡಿದು ಮೂಲೆಗೆ ಕರೆದುಕೊಂಡು ಹೋದೆ.

"ದೊಡ್ಡಪ್ಪಾ, ಎದ್ದೇಳಿ. ಇವರಿಗೆ ನೀವಿನ್ನೂ ಹೇಳಿಲ್ಲ."