ನೇತ್ರಾಣಿಯ ದೋಣಿಗೆ ನಾನು ತುಂಬಿದ ಫಾರ್ಮು

ನನ್ನ ನೆಗೆಣ್ಣಿ ರುದ್ರವ್ವನ ಹೃದಯ ನೆಟ್ಟಗಿತ್ತು. ಅದರಲ್ಲಿ ದೋಷವಿದೆ ಎಂದು ಬರೆದುಕೊಟ್ಟವಳು ನಾನು. ಯಾರೂ ಬರೆಸಲಿಲ್ಲ, ಕೈತಪ್ಪಿಯೂ ಬರೆಯಲಿಲ್ಲ. ಕನ್ನಡಕ ಹಾಕಿಕೊಂಡು, ನಿಚ್ಚಳವಾದ ಕರ್ಸಿವ್ ಅಕ್ಷರದಲ್ಲಿ ಬರೆದೆ. ನಾಲ್ಕು ವರ್ಷವಾಯಿತು, ಈ ಮಾತು ನನ್ನ ಬಾಯಿಂದ ಹೊರಬಿದ್ದಿಲ್ಲ — ರುದ್ರವ್ವನ ಮುಂದಂತೂ...

ಈಗ ಹೇಳುತ್ತೇನೆ. ಎಲ್ಲವನ್ನೂ ಹೇಳುತ್ತೇನೆ, ನನ್ನ ಪರವಾಗಿ ಮಾತ್ರ ಏನನ್ನೂ ಹೇಳುವುದಿಲ್ಲ.

ರಾಣೆಬೆನ್ನೂರಿನ ಒಂದು ಬೀಜದಂಗಡಿಯ ಮನೆಗೆ ನಾವಿಬ್ಬರೂ ಸೊಸೆಯರಾಗಿ ಬಂದವರು. ನಾನು ಅಣ್ಣನ ಹೆಂಡತಿ, ಅವಳು ತಮ್ಮನ ಹೆಂಡತಿ. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ನನ್ನ ಹ್ಯಾಂಡ್‌ರೈಟಿಂಗ್ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದು. ರುದ್ರವ್ವ ಗಳಗನಾಥದವಳು — ವರದೆ ಬಂದು ತುಂಗಭದ್ರೆಯನ್ನು ಸೇರುವ ಊರು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದರು. ಅಷ್ಟರೊಳಗೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಳೆಯಲ್ಲಿ ಈಜು ಕಲಿತಾಗಿತ್ತು.

ಮನೆಯ ಇಂಗ್ಲಿಷ್ ಎಲ್ಲ ನನ್ನದು. ಬ್ಯಾಂಕಿನ ಚೀಟಿ, ಆಸ್ಪತ್ರೆಯ ಕಾಗದ, ಔಷಧದ ಡಬ್ಬಿಯ ಮೇಲಿನ ಬರಹ, ಮಕ್ಕಳ ಅಡ್ಮಿಷನ್. ಬರಬರುತ್ತ ಓಣಿಯದೂ ನನ್ನದಾಯಿತು, ಆಮೇಲೆ ನಮ್ಮ ಮಹಿಳಾ ಮಂಡಳದ್ದೂ. ಯಾವ ಕಾಗದ ಬಂದರೂ "ಅಕ್ಕಾರ ಕಡೆ ಕೊಡ್ರಿ". ರುದ್ರವ್ವನ ಆಧಾರ್ ಕಾರ್ಡಿನಲ್ಲಿರುವ ಹುಟ್ಟಿದ ದಿನವನ್ನೂ ನಾನೇ ಅಂದಾಜಿನ ಮೇಲೆ ಬರೆಸಿದ್ದೆ — ಜೂನ್ ಒಂದು. ನಾನು ಎಲ್ಲಿ ಬೆರಳಿಟ್ಟು ತೋರಿಸುತ್ತೇನೋ ಅಲ್ಲಿ ಸಹಿ ಮಾಡುವಳು. ಓದಿ ಹೇಳ್ರಿ ಎಂದು ಒಂದು ದಿನವೂ ಕೇಳಿದವಳಲ್ಲ.

ಇದು ನನಗೆ ಹಿಡಿಸುತ್ತಿತ್ತು. ಟು ಬಿ ಆನೆಸ್ಟ್, ಆ ಮನೆಯಲ್ಲಿ ನಾನು ನಿಂತದ್ದೇ ಇದರ ಮೇಲೆ. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಬೀಜ ಕೇರಲು ಬರುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ. ರುದ್ರವ್ವನಿಗೆ ಇಂಗ್ಲಿಷ್ ಒಂದು ಬಿಟ್ಟು ಎಲ್ಲವೂ ಬರುತ್ತಿತ್ತು.

ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮೇಲೆ, ಮಂಡಳದ ಹನ್ನೆರಡು ಹೆಂಗಸರು ಮುರ್ಡೇಶ್ವರಕ್ಕೆ ಹೊರಟೆವು. ಒಂದು ದಿನ ದೇವರ ದರ್ಶನ. ಮರುದಿನ ಬೆಳಿಗ್ಗೆ ನೇತ್ರಾಣಿ ನಡುಗಡ್ಡೆಗೆ ಅರ್ಧ ದಿನದ ಬೋಟ್ ಟೂರ್. ಕಣ್ಣಿಗೆ ಗಾಜಿನ ಮಾಸ್ಕು, ಬಾಯಿಗೆ ಕೊಳವೆ ಹಾಕಿಕೊಂಡು, ನೀರಿನ ಮೇಲೆ ಬೋರಲು ತೇಲುತ್ತ ತಳದ ಮೀನು ನೋಡುವುದು — ಸ್ನಾರ್ಕ್ಲಿಂಗ್. ಮೊಬೈಲಿನಲ್ಲಿ ಅದರ ವಿಡಿಯೋ ಕಂಡ ದಿನದಿಂದ ರುದ್ರವ್ವ ನನ್ನ ಬೆನ್ನು ಹತ್ತಿದ್ದಳು.

"ಹೊಳ್ಯಾಗ ಕಣ್ಣ ತಗದ್ರ ಬರೇ ರಾಡಿ ಕಾಣತೈತ್ರಿ ಅಕ್ಕಾರ. ಒಮ್ಮೆ ನೀರಿನ ತಳಾ ನೋಡಬೇಕ್ರಿ. ಅಷ್ಟ ನೋಡ್ರಿ ನನ್ನ ಆಸೆ."

ಫೋನು ಮಾಡಿ ವಿಚಾರಿಸಿದವಳು ನಾನೇ. ವಯಸ್ಸಿನ ಅಡ್ಡಿಯಿಲ್ಲ, ಫಿಟ್ ಇದ್ದರೆ ಸಾಕು ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ನನಗೊಬ್ಬಳಿಗೆ.

ಮೋಟೆಬೆನ್ನೂರಿನಲ್ಲಿ ಗಾಡಿ ನಿಲ್ಲಿಸಿ ಜುಲೇಖಾಬಿಯನ್ನು ಹತ್ತಿಸಿಕೊಂಡೆವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯಾಕೆ, ಮಂಡಳದ ಹಳೆಯ ಮೆಂಬರ್. ಆಕೆ ಕೂತಿದ್ದೇ ತಡ, ಹಿಂದಿನ ಸೀಟಿನ ಇಬ್ಬರು ಸೀನಿದರು. "ನಾ ಏನ ಮಾಡ್ಲಿ? ಮೂರ ಸಲ ಒಗದ್ರೂ ಸೀರ್ಯಾನ ಖಾರ ಹೋಗೂದಿಲ್ಲ. ನಾಳೆ ಮೀನ ಸೀನ್ಯಾವ, ನೋಡ್ಕೋತ ಇರ್ರಿ," ಎಂದಳು. ಹಾನಗಲ್ ದಾಟುವವರೆಗೆ ನಗು ನಿಲ್ಲಲಿಲ್ಲ. ಆಮೇಲೆ ರುದ್ರವ್ವ ಶುರು ಮಾಡಿದಳು: ಎಮ್ಮೆಯ ಬಾಲ ಹಿಡಿದು ಹೊಳೆ ದಾಟಿದ್ದು, ನಡುನೀರಲ್ಲಿ ಎಮ್ಮೆ ತಿರುಗಿ ನಿಂತದ್ದು, ಆಚೆ ದಡದಿಂದ ಅವ್ವ ಬೈದದ್ದು. ಗಾಡಿಯ ಹೆಂಗಸರೆಲ್ಲ ಅವಳ ಕಡೆ ತಿರುಗಿ ಕೂತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಕಾನ್ವೆಂಟಿನ ಕತೆಗಳನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ — ಹೀಗೆ ಯಾರೂ...

ಸಿಲ್ಲಿ. ಎಪ್ಪತ್ತೊಂದು ವರ್ಷದ ಮುದುಕಿಗೆ ಜೆಲಸಿ! ಆದರೆ ಇತ್ತು. ಆ ಹೊತ್ತಿಗೆ ಅದಕ್ಕೆ ಹೆಸರಿಡಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ದಡದಲ್ಲಿ ಹನ್ನೆರಡು ಫಾರ್ಮು ನನ್ನ ಕೈಗೆ ಬಂದವು. ಮುಂದೆ ಬೋಟು ತೊಟ್ಟಿಲ ಹಾಗೆ ತೂಗಾಡುತ್ತಿತ್ತು. ನೋಡಿದವಳೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ರುದ್ರವ್ವ ನನ್ನ ಮುಖ ನೋಡಿ ಹತ್ತಿರ ಬಂದಳು.

"ಹೆದರಬ್ಯಾಡ್ರಿ ಅಕ್ಕಾರ. ನಾ ಇದ್ದೇನಲ್ರಿ. ಕೈ ಹಿಡದು ಇಳಸ್ತೇನಿ, ಸಣ್ಣ ಹುಡುಗ್ಯಾರಿಗೆ ಈಸು ಕಲಸಿದಂಗ."

"ಹಾಂ!" ಎಂದಳು ಜುಲೇಖಾಬಿ. "ಇವತ್ತ ಇಂಗ್ಲಿಷ್ ಮುಳಗತೈತಿ, ರುದ್ರವ್ವನ ಕನ್ನಡ ತೇಲತೈತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ರುದ್ರವ್ವ ಮಾತ್ರ ನಗಲಿಲ್ಲ, ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳ ಮಾತಿನಲ್ಲಿ ಹಂಗಿಸುವುದು ಎಳ್ಳಷ್ಟೂ ಇರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕೈ ಬಿಡಿಸಿಕೊಂಡು, ಕಲ್ಲಿನ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದೆ.

ನನ್ನ ಫಾರ್ಮಿನಲ್ಲಿ ನೀರಿಗೆ ಇಳಿಯುವುದಿಲ್ಲ ಎಂದು ಬರೆದೆ. ಅದು ನನ್ನ ಹಕ್ಕು. ಅವಳ ಫಾರ್ಮಿನಲ್ಲಿ ಹಾರ್ಟ್ ಡಿಸೀಸ್ ಎಂಬುದರ ಮುಂದೆ 'ಯೆಸ್' ಎಂಬುದಕ್ಕೆ ಟಿಕ್ ಹಾಕಿದೆ. ಕೆಳಗೆ ವಿವರ ಕೇಳಿದ್ದರು. ಎರಡು ವರ್ಷದ ಹಿಂದೆ ಮೈಲ್ಡ್ ಅಟ್ಯಾಕ್ ಎಂದು ತುಂಬಿದೆ. ಅವಳು ಬಂದು ನಾಲಿಗೆಯ ತುದಿ ಕಚ್ಚಿಕೊಂಡು, ನಿಧಾನವಾಗಿ, ಎರಡೂ ಒತ್ತಕ್ಷರ ತಪ್ಪದೆ 'ರುದ್ರವ್ವ' ಎಂದು ಸಹಿ ಮಾಡಿದಳು.

"ಬರೋಬ್ಬರಿ ಆತೇನ್ರಿ?"

"ಬರೋಬ್ಬರಿ ಆತು," ಎಂದೆ.

ನಡುಗಡ್ಡೆ ಮುಟ್ಟಲು ಒಂದೂವರೆ ತಾಸು ಹಿಡಿಯಿತು. ಬೋಟು ನಡೆಸುವವರಿಗೆ ಕನ್ನಡ ಬರುತ್ತಿತ್ತು, ಅವರು ಎಂಜಿನ್ನಿನ ಹತ್ತಿರ ಇದ್ದರು. ನೀರಿಗೆ ಇಳಿಸುವವಳು ಬೇರೆ — ನಲವತ್ತರ ಆಸುಪಾಸಿನ, ಹೊರರಾಜ್ಯದ ಇನ್‌ಸ್ಟ್ರಕ್ಟರ್, ಬಹಳ ಸೌಮ್ಯ ಹೆಂಗಸು. ಫಾರ್ಮುಗಳನ್ನು ಮತ್ತೊಮ್ಮೆ ತಿರುವಿ ಹಾಕಿ ರುದ್ರವ್ವನದರ ಹತ್ತಿರ ನಿಂತಳು. ಲೈಫ್ ಜಾಕೆಟ್ ಬಿಗಿದುಕೊಂಡು, ಹಣೆಯ ಮೇಲೆ ಮಾಸ್ಕು ಏರಿಸಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ ರುದ್ರವ್ವನನ್ನು ನೋಡಿದಳು. ಆಮೇಲೆ ನನ್ನ ಬಳಿ ಬಂದು, ಇದು ಸರಿಯಾಗಿದೆಯೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು. ಇಷ್ಟು ಗಟ್ಟಿಮುಟ್ಟಾಗಿ ಕಾಣುತ್ತಾರಲ್ಲ, ತಪ್ಪಿ ಟಿಕ್ ಆಗಿಲ್ಲ ತಾನೇ?

ದೇವರು ಎರಡನೇ ಸಲ ಬಾಗಿಲು ತೆರೆದು ನಿಂತಿದ್ದ. ನಾನು ಹೇಳಿದ್ದು ಇಷ್ಟು: "ಯೆಸ್, ಕರೆಕ್ಟ್. ಐ ಆ್ಯಮ್ ಹರ್ ಸಿಸ್ಟರ್."

"ಏನಂತ್ರಿ ಅಕ್ಕಾರ?" ರುದ್ರವ್ವ ಕೇಳಿದಳು.

"ಅರವತ್ತೈದರ ಮ್ಯಾಲಿನವರನ್ನ ಇಳಸೂದಿಲ್ಲಂತ. ನಿನಗ ವಯಸ್ಸಾತಂತ."

ಅವಳು ನಕ್ಕಳು, ಚೇಷ್ಟೆ ಎಂದುಕೊಂಡು. "ನನಗ ಎಷ್ಟ ವಯಸ್ಸಂತ ಯಾರಿಗಿ ಗೊತ್ತೈತ್ರಿ? ನೀವ ಬರದದ್ದಲ್ರಿ ಅದು!"

ಜುಲೇಖಾಬಿ ಕೊಳವೆಯನ್ನು ಬಾಯಿಂದ ತೆಗೆದು ಮುಂದೆ ಬಂದಳು. "ತಡೀರಿ, ಆ ಹೆಣ್ಣಮಗಳಿಗೆ ನಾ ಕೇಳತೇನಿ. ಉರ್ದು ತಿಳೀದಿದ್ರೂ ಹಿಂದಿ ತಿಳೀತೈತಿ. ಈಕಿಗೇ ಈಸು ಬರೂದಿಲ್ಲಂದ್ರ ಈ ಬೋಟಿನ್ಯಾಗ ಯಾರಿಗಿ ಬರತೈತಿ?"

ನಾನು ಬಾಯಿ ತೆರೆಯುವ ಮೊದಲೇ ರುದ್ರವ್ವ ಅವಳನ್ನು ತಡೆದಳು.

"ಬಿಡ್ರಿ ಜುಲೇಖಾಬಿ. ನಮ್ಮ ಅಕ್ಕಾರು ಕೇಳ್ಯಾರಲ್ರಿ. ಮತ್ತೇನ ಕೇಳೂದು?"

ಈ ಮಾತನ್ನು ನಾನು ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಒಲೆಯ ಮುಂದೆ, ಪೂಜೆಯ ಮುಂದೆ, ಬ್ಯಾಂಕಿನ ಕ್ಯೂದಲ್ಲಿ.

ಹತ್ತು ಹೆಂಗಸರು ನೀರಿಗಿಳಿದರು. ಅದರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಹಗ್ಗ ಹಿಡಿದು, ಜಾಕೆಟ್ಟಿನ ದಯೆಯಿಂದ ತೇಲಿದರು. "ಯಾ ಅಲ್ಲಾ, ಹಳದಿ ಮೀನು! ನನ್ನ ಮಾರಿ ನೋಡಾಕತ್ತೈತಿ!" ಎಂದು ಜುಲೇಖಾಬಿ ಕೂಗಿದಳು. ರುದ್ರವ್ವ ಬೋಟಿನ ಅಂಚಿಗೆ ಕೂತಿದ್ದಳು. ಮಡಿಲಲ್ಲಿ ಹತ್ತು ಜನರ ಬಳೆ, ಕನ್ನಡಕ, ಮೊಬೈಲು, ತಾಳಿಸರ. ಕಾಲು ಇಳಿಬಿಟ್ಟಿದ್ದಳು, ನೀರು ಒಂದು ಗೇಣು ಕೆಳಗಿತ್ತು.

"ಏನ ಕಾಣಾಕತ್ತೈತ್ರಿ ಅವರಿಗಿ?" ಎಂದು ನನ್ನನ್ನೇ ಕೇಳಿದಳು.

"ಏನಿಲ್ಲ. ಕಲ್ಲು," ಎಂದೆ.

ಮರಳಿ ಬರುವಾಗ ದಡದ ಹತ್ತಿರ ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿಯ ಮೇಲೆ ಕೂರಿಸಿ ಎಳೆದಾಡಿದರು. ಜುಲೇಖಾಬಿ ಎರಡು ಸಲ ಬಿದ್ದಳು, ಮೂರನೇ ಸಲ ತಾನೇ ಹಾರಿದಳು. ಅದನ್ನೂ ರುದ್ರವ್ವ ಮರಳಿನ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ನೋಡಿದಳು. ಊರಿಗೆ ಬರುವವರೆಗೆ ಎಮ್ಮೆಯ ಕತೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಂದು ದಿನದ ನಿರಾಸೆ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಅವಳು ಮರೆಯಲಿಲ್ಲ, ನಂಬಿದಳು. ಮೊದಲು ತುಂಬಿದ ಕೊಡ ಎತ್ತುವುದು ಬಿಟ್ಟಳು. ಆಮೇಲೆ ಪೂಜೆಗೆ ಕುರ್ಚಿ ಬೇಡಿದಳು. ಬೀಜದ ಚೀಲ ಒಬ್ಬಳೇ ಸರಿಸುತ್ತಿದ್ದವಳು ಮೆಟ್ಟಿಲು ಹತ್ತಲು ಗೋಡೆ ಹಿಡಿಯತೊಡಗಿದಳು. ಏನು ಕೇಳಿದರೂ "ವಯಸ್ಸಾತಲ್ರಿ" ಎನ್ನುವಳು — ಆ ಮಾತು ಅವಳ ಬಾಯಲ್ಲಿ ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ನಾನು ಅವಳಿಗೆ ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟೆ. ಡಬ್ಬಿಯ ಮೇಲಿನದನ್ನು ಓದಿ ಹೇಳಿದೆ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸಲು ಅವಳನ್ನು ಹಾವೇರಿಗೆ ಕರೆದೊಯ್ದಿದ್ದೆ. ಆಪರೇಷನ್ನಿಗೆ ಮೊದಲು ಇಸಿಜಿ ತೆಗೆದ ಡಾಕ್ಟರು, ನಲವತ್ತರವರ ಹೃದಯ ನೋಡ್ರಿ ಅಜ್ಜಿದು, ಎಂದರು. ರುದ್ರವ್ವ ನನ್ನ ಕಡೆ ತಿರುಗಿದಳು.

"ಮತ್ತ ಆ ಬೋಟಿನ ಹೆಣ್ಣಮಗಳು ಯಾಕ ಬ್ಯಾಡಂದ್ಲ್ರಿ ಅಕ್ಕಾರ?"

"ಅದು ಅವರ ರೂಲ್ಸು," ಎಂದೆ. ಮೂರನೇ ಬಾಗಿಲನ್ನೂ ಹೀಗೆ ನಾನೇ ಮುಚ್ಚಿದೆ.

ಈ ಬೇಸಿಗೆಯಲ್ಲಿ ಅವಳ ತವರಿಗೆ ಹೋಗಿದ್ದೆವು. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗಳಗನಾಥದ ಹೊಳೆಯಲ್ಲಿ ಈಜು ಕಲಿಸಿದವಳು ರುದ್ರವ್ವ — ನನ್ನ ಇಬ್ಬರು ಮಗಳಂದಿರಿಗೂ. ಈಗ ಅವಳ ಮೊಮ್ಮಗಳು, ಹನ್ನೊಂದು ವರ್ಷದವಳು, ತಾನೂ ಕಲಿಯುತ್ತೇನೆಂದು ಕೈ ಹಿಡಿದು ಎಳೆದಳು. ರುದ್ರವ್ವ ಮೆಟ್ಟಿಲ ಮೇಲೆ ಕೂತು, ಸೀರೆಯ ಅಂಚು ನೀರಿಗೆ ತಾಗದಂತೆ ಎತ್ತಿ ಹಿಡಿದಿದ್ದಳು.

"ಬ್ಯಾಡವಾ. ಸಮುದ್ರದ ಡಾಕ್ಟರ್‌ಬಾಯಿ ನನಗ ನೀರು ಬ್ಯಾಡಂದಾಳ. ಇಂಗ್ಲಿಷಿನ್ಯಾಗ ಬರದೈತಿ. ನಿಮ್ಮ ದೊಡ್ಡಜ್ಜಿನ ಕೇಳು ಬೇಕಾದ್ರ."

ಬೋಟಿನ ಆ ಇನ್‌ಸ್ಟ್ರಕ್ಟರ್ ಅವಳ ಮಾತಿನಲ್ಲಿ ಡಾಕ್ಟರೇ ಆಗಿಬಿಟ್ಟಿದ್ದಳು. ಹುಡುಗಿ ನನ್ನ ಮುಖ ನೋಡಿತು. ನಾನು ತಲೆಯಾಡಿಸಿದೆ. ಹೌದು ಎಂದು.

ಆಗ ತಿಳಿಯಿತು — ಇಲ್ಲ, ತಿಳಿದದ್ದು ಮೊದಲೇ. ಆಗ ತಡೆಯಲಾಗಲಿಲ್ಲ, ಅಷ್ಟೇ. ಅವಳಿಂದ ಸಮುದ್ರ ಕಸಿದದ್ದು ಸಾಲದೆ ಅವಳ ಹೊಳೆಯನ್ನೂ ಕಸಿದಿದ್ದೆ. ಇನ್ನು ಆ ಮಗುವಿನದನ್ನೂ.

ಅದಕ್ಕೆ ಇದನ್ನು ಬರೆದೆ. ಕೈ ತಾನಾಗಿಯೇ ಇಂಗ್ಲಿಷಿಗೆ ಹೋಗುತ್ತಿತ್ತು, ಎರಡು ಹಾಳೆ ಹರಿದುಹಾಕಿದೆ. ಕನ್ನಡದಲ್ಲೇ ಬರೆಯಬೇಕಿತ್ತು, ಯಾಕೆಂದರೆ ಇದನ್ನು ನಾನು ಅವಳಿಗೆ ಓದಿ ಹೇಳಬಾರದು. ನನ್ನ ಬಾಯಿಂದ ಕೇಳಿದ್ದು ಸಾಕು ಅವಳಿಗೆ. ಬಾಯಿಂದ ಹೇಳಹೊರಟರೆ ನನ್ನನ್ನು ನಾನು ಬಲ್ಲೆ — ನಡುವೆ ಎಲ್ಲೋ ಒಂದು ಮಾತು ಮೆತ್ತಗೆ ಮಾಡಿಬಿಡುತ್ತೇನೆ. ಅವಳ ಕಣ್ಣಿನ ಪೊರೆ ಹೋಗಿದೆ. ನಾಲ್ಕನೇ ಇಯತ್ತೆಯ ಓದು ಇದಕ್ಕೆ ಸಾಕು. ನಡುನಡುವೆ ಬಂದ ಇಂಗ್ಲಿಷ್ ಮಾತು ತಿಳಿಯದಿದ್ದರೆ ಕೇಳಲಿ, ಇದ್ದ ಅರ್ಥವನ್ನೇ ಹೇಳುತ್ತೇನೆ.

ನಾಳೆ ಊಟವಾದ ಮೇಲೆ ಅವಳು ಹಿತ್ತಲ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಕೂರುತ್ತಾಳೆ. ಆಗ ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟು ಎದುರಿಗೆ ಕೂರುತ್ತೇನೆ. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ. ಒಂದು ತಾಸಾದರೂ ಬೇಕು. ಎಡವಿದ ಕಡೆ ನಾನು ಬಾಯಿ ಹಾಕುವುದಿಲ್ಲ. ನಲವತ್ತೈದು ವರ್ಷ ಕರೆದ 'ಅಕ್ಕಾರ' ಎಂಬುದನ್ನು ಅವಳು ನಾಳೆಯಿಂದ ಕರೆಯದೆ ಇರಬಹುದು. ಜುಲೇಖಾಬಿಗೆ ಹೇಳಬಹುದು, ಹೇಳಿದರೆ ಸಂಜೆಯೊಳಗೆ ಬ್ಯಾಡಗಿಯ ಪೇಟೆಗೆಲ್ಲ ಗೊತ್ತಾಗುತ್ತದೆ. ಗೊತ್ತಾಗಲಿ. ಮತ್ತೆ ಸಮುದ್ರಕ್ಕೆ ಹೋಗುವುದು, ಹೊಳೆಗೆ ಇಳಿಯುವುದು, ನನ್ನ ಮುಖ ನೋಡುವುದು, ನೋಡದಿರುವುದು — ಅದನ್ನೆಲ್ಲ ಅವಳು ತೀರ್ಮಾನಿಸಲಿ.

ಅವಳು ಈ ಸಾಲಿಗೆ ಬಂದು ಮುಟ್ಟುವವರೆಗೆ ನಾನು ಅಲ್ಲಿಂದ ಏಳುವುದಿಲ್ಲ.