ಮಧ್ಯಾಹ್ನದ ಕೆಂಪು ಚುಕ್ಕೆಗಳು

ಲಾರಿ ಕಂಪನಿಯ ಡ್ರೈವರುಗಳು ಅವಳನ್ನು ಚುಕ್ಕಿ ಅಕ್ಕ ಎನ್ನುತ್ತಿದ್ದರು. ಪ್ರೀತಿಯಿಂದಲ್ಲ. ಪ್ರತಿ ಲಾರಿಯ ಗಾಜಿಗೂ ಒಂದು ಪುಟ್ಟ ಕ್ಯಾಮೆರಾ ಅಂಟಿಸಿದ್ದರು. ಚಕ್ರ ರಸ್ತೆಯ ಬಿಳಿ ಗೆರೆ ತುಳಿದರೆ ಆಫೀಸಿನ ಪರದೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತಿತ್ತು. ಆ ಚುಕ್ಕೆಗಳನ್ನು ಕೂಡಿಸಿ, ಕಳೆದು, ಯಾರು ಎಲ್ಲಿ ಯಾಕೆ ದಾರಿ ತಪ್ಪುತ್ತಾರೆಂದು ಹುಡುಕುವುದು ಅವಳ ಕೆಲಸ. ಡ್ರೈವರುಗಳ ಪ್ರಕಾರ ಅದು ಚಾಡಿ ಹೇಳುವ ಕೆಲಸ. ಅವಳ ಗಂಡನೂ ಅದೇ ಕಂಪನಿಯ ಡ್ರೈವರಾದ್ದರಿಂದ, "ಪಾಪ, ಅವನಿಗೆ ಮನೇಲೂ ಕ್ಯಾಮೆರಾ" ಎಂದು ನಗುತ್ತಿದ್ದರು.

ತಪ್ಪೆಲ್ಲ ನಡೆಯುವುದು ರಾತ್ರಿಯೇ ಎಂದು ಮ್ಯಾನೇಜರು ನಂಬಿದ್ದರು. ನಂಬುವುದಕ್ಕೇನು, ಖರ್ಚಿಲ್ಲವಲ್ಲ. ಅವಳು ಲೆಕ್ಕವನ್ನು ಹೊತ್ತಿನ ಪ್ರಕಾರ ಬಿಡಿಸಿಟ್ಟಾಗ ಕಂಡದ್ದೇ ಬೇರೆ. ಊಟವಾದ ಮೇಲೆ, ಹಾಡಹಗಲಿನಲ್ಲಿ, ನೆಟ್ಟಗಿರುವ ಒಳ್ಳೆಯ ರಸ್ತೆಯಲ್ಲಿ, ಕೆಲವೇ ಕೆಲವರ ಲಾರಿಗಳಿಗೆ ಚುಕ್ಕೆಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಮುತ್ತಿದ್ದು ಅವಳ ಗಂಡನ ಲಾರಿಗೆ.

ಅವಳು ಲೆಕ್ಕವನ್ನು ಮತ್ತೊಮ್ಮೆ ಕೂಡಿಸಿ ನೋಡಿದಳು. ಕುಡಿಯುವವನಲ್ಲ, ಹೊತ್ತಿಗೆ ಸರಿಯಾಗಿ ಮಲಗಿ ಏಳುವ ಮನುಷ್ಯ. ಅವನಿಗೇಕೆ ಮಧ್ಯಾಹ್ನ ತೂಕಡಿಕೆ? ಅಂದಿನಿಂದ ಅವನ ಲಾರಿ ಆ ನೇರ ರಸ್ತೆ ಮುಗಿಸಿ ಸೇತುವೆ ದಾಟುವವರೆಗೆ ಅವಳು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಎಷ್ಟೋ ದಿನ ಡಬ್ಬಿ ಹೋದ ಹಾಗೆಯೇ ಮನೆಗೆ ಬರುತ್ತಿತ್ತು.

ಉತ್ತರ ಸಿಕ್ಕಿದ್ದು ಆಫೀಸಿನಲ್ಲಲ್ಲ, ರಜೆಯ ದಿನ ಮನೆಯಲ್ಲಿ. ಉಂಡು ಮಲಗಿದ ಗಂಡ ಎಂದಿನಂತೆ ಗೊರಕೆ ಶುರುಮಾಡಿದ್ದ. ಆ ಗೊರಕೆಗೆ ಬೀದಿಯಲ್ಲೆಲ್ಲ ಹೆಸರಿತ್ತು. "ನಮ್ಮನೆಗೆ ಕಳ್ಳ ಬರಲ್ಲ ಕಣೆ, ಒಳಗೆ ಲಾರಿ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂದ್ಕೋತಾನೆ" ಎಂದು ಅತ್ತೆ ಹೇಳದ ವಾರವಿರಲಿಲ್ಲ. ಅತ್ತೆ ಸೊಸೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಾಗ ಗೊರಕೆ ತಟ್ಟನೆ ನಿಂತಿತು. ಅತ್ತೆಯ ಕೈ ಅಂಗಿಯ ತೋಳಿನ ಮೇಲೆ ಹಾಗೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅವನು ನೀರಿನಿಂದ ಮೇಲೆದ್ದವನಂತೆ ಗಬಕ್ಕನೆ ಉಸಿರೆಳೆದ. ಗೊರಕೆ ಮತ್ತೆ ಶುರುವಾಯಿತು, ಅತ್ತೆಯ ಕೈಯೂ ಆಡಿತು.

"ಯಾಕತ್ತೆ ಕೈ ನಿಲ್ಲಿಸಿದ್ರಿ?"

"ಅವನು ಉಸಿರು ನಿಲ್ಲಿಸಿದ್ನಲ್ಲ, ವಾಪಸ್ ಬರಲಿ ಅಂತ. ದಿನಾ ಇದ್ದಿದ್ದೇ. ಅಭ್ಯಾಸ ಆಗಿಹೋಗಿದೆ ನನಗೆ."

ದೀಪದ ಬುಡದಲ್ಲೇ ಕತ್ತಲು. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದವಳಿಗೂ ಅದು ಬರೀ ತಮಾಷೆಯಾಗಿತ್ತು. ಮರುದಿನ ಡಾಕ್ಟರನ್ನು ಕೇಳಿದಳು. ಉಸಿರು ಕಟ್ಟಿದಾಗಲೆಲ್ಲ ಮೈ ಎಚ್ಚರಗೊಳ್ಳುತ್ತದೆ, ಮಲಗಿದವನಿಗೇ ಅದು ತಿಳಿಯುವುದಿಲ್ಲ, ಆ ಬಾಕಿ ನಿದ್ದೆ ಹಗಲು ಬಂದು ಕಣ್ಣ ಮೇಲೆ ಕೂರುತ್ತದೆ ಎಂದರು ಅವರು. ಇದಕ್ಕೆ ಚಿಕಿತ್ಸೆಯಿದೆ ಎಂದೂ ಹೇಳಿದರು.

ಆಮೇಲೆ ಅವಳು ಮಾಡಿದ ಕೆಲಸವನ್ನು ಯಾವ ಕಂಪ್ಯೂಟರೂ ಮಾಡಲಾರದು. ಮಧ್ಯಾಹ್ನ ಚುಕ್ಕೆ ಬೀಳುವ ಡ್ರೈವರುಗಳ ಹೆಂಡಿರಿಗೆಲ್ಲ ಫೋನು ಮಾಡಿದಳು. ಮೊದಲು ಕ್ಷೇಮಸಮಾಚಾರ, ಆಮೇಲೆ ಮೆಲ್ಲಗೆ, "ನಿಮ್ಮನೆಯವರು ಗೊರಕೆ ಹೊಡೀತಾರಾ?"

"ಗೊರಕೆನಾ? ಗೋಡೆ ಬಿರುಕು ಬಿಟ್ಟಿದೆ, ಬಂದು ನೋಡಿ," ಎಂದಳೊಬ್ಬಳು. ಇನ್ನೊಬ್ಬಳು ನಗುತ್ತಾ ಶುರುಮಾಡಿ, ನಡುನಡುವೆ ಉಸಿರು ನಿಲ್ಲುತ್ತೆ ಅಕ್ಕ ಎನ್ನುವಾಗ ಅತ್ತಳು. ಒಬ್ಬನನ್ನು ಬಿಟ್ಟು ಎಲ್ಲರ ಮನೆಯಲ್ಲೂ ಅದೇ ಕಥೆ. ಸುದ್ದಿ ಲಾರಿಗಳ ಅಂಗಳ ಮುಟ್ಟಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ಉಳಿದವರು "ನಾನಂತೂ ಹೊಡೆಯಲ್ಲಪ್ಪ" ಎಂದು ಹೇಳಿಕೊಂಡು ತಿರುಗಿದರು.

ಮ್ಯಾನೇಜರಿಗೆ ಹೆಸರು ಕೊಡುವಾಗ ಗಂಡನದನ್ನೇ ಮೊದಲು ಹೇಳಿದಳು. ಇವರಿಗೆ ನೋಟೀಸು ಬೇಡ, ಚಿಕಿತ್ಸೆ ಕೊಡಿಸಿ ಎಂದಳು. ಮ್ಯಾನೇಜರು ಒಪ್ಪಿದರು, ಆದರೆ ಗುಣವಾಗುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ, ಗೋದಾಮಿನ ಕೆಲಸ ಎಂದರು. ಹದಿನೆಂಟಕ್ಕೇ ಸ್ಟೀರಿಂಗ್ ಹಿಡಿದವನಿಗೆ ಇದಕ್ಕಿಂತ ಅವಮಾನ ಬೇಕೆ?

"ಮನೆ ಗುಟ್ಟು ಬೀದಿಗೆ ಹಾಕಿದೆ. ಹೆಂಡತಿ ಆಗಿ ನೀನೇ ನನ್ನ ಲಾರಿ ಕಿತ್ಕೊಂಡೆ," ಎಂದ ಗಂಡ.

"ಬೈಸಿಕೊಳ್ತೀನಿ ಬಿಡಿ. ಯಾವತ್ತೋ ಒಂದಿನ ರಸ್ತೆ ಬದಿಯಿಂದ ಯಾರೋ ಗುರುತಿಲ್ಲದವರು ನಿಮ್ಮ ಫೋನಿಂದ ನನಗೆ ಫೋನ್ ಮಾಡೋದು ಬೇಡ," ಎಂದಳು ಅವಳು.

ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನೇ ಆಸ್ಪತ್ರೆಗೆ ಹೊರಟ. ಮಲಗುವಾಗ ಮೂಗಿಗೆ ಗಾಳಿ ಊದುವ ಯಂತ್ರ ಬಂತು. ಉದ್ದನೆಯ ಕೊಳವೆ ನೋಡಿ ಅತ್ತೆ, "ಹೆತ್ತಿದ್ದು ಹುಡುಗನ್ನ, ಈಗ ಆನೆ ಮರಿ ಆಗಿದ್ದಾನೆ," ಎಂದರು. ಮನೆ ನಿಶ್ಶಬ್ದವಾಯಿತು. ಗೊರಕೆಯಿಲ್ಲದೆ ಅತ್ತೆಗೆ ವಾರವಿಡೀ ನಿದ್ದೆ ಹತ್ತಲಿಲ್ಲ. ಗಂಡ ಮಾತ್ರ ಎದ್ದವನೇ, "ನಿದ್ದೆ ಅಂದ್ರೆ ಇಷ್ಟು ಚೆನ್ನಾಗಿರುತ್ತಾ?" ಎಂದು ಚಿಕ್ಕ ಮಗುವಿನಂತೆ ಕೇಳಿದ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಅವನು ಮತ್ತೆ ಲಾರಿ ಹತ್ತಿದ. ಮೊದಲ ಮಧ್ಯಾಹ್ನ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನೇರ ರಸ್ತೆ ಬಂತು, ಹೋಯಿತು. ಒಂದು ಚುಕ್ಕೆಯೂ ಬೀಳಲಿಲ್ಲ. ಸೇತುವೆಯಾಚೆ ಲಾರಿ ನಿಂತಿತು. ಅವಳ ಫೋನು ಹೊಡೆದುಕೊಂಡಿತು. ಗಂಡನ ಹೆಸರು ನೋಡಿ ತಟ್ಟನೆ ಎತ್ತಿಕೊಂಡು, ಯಾರ ದನಿಯೋ ಎಂದು ಕಾದಳು.

"ನಾನೇ," ಎಂದ ಅವನು. "ಸೇತುವೆ ದಾಟಿದೆ."

"ನೋಡಿದೆ."

"ದಿನಾ ಡಬ್ಬಿ ತೊಳೆಯೋನು ನಾನು. ಯಾಕೆ ತುಂಬಿದ ಡಬ್ಬಿ ವಾಪಸ್ ಬರ್ತಿತ್ತು ಅಂತ ನಾನು ಗೋದಾಮಲ್ಲಿದ್ದಾಗ ಅದು ಖಾಲಿಯಾಗಿ ಬರೋದು ನೋಡಿ ಅರ್ಥ ಆಯ್ತು." ಆಮೇಲೆ ಹೇಳಿದ, "ಹೋಗು, ಊಟ ಮಾಡು."

ಅವಳು ಪರದೆಗೆ ಬೆನ್ನು ಮಾಡಿ ಕೂತು ಡಬ್ಬಿ ತೆರೆದಳು. ಊಟ ಇನ್ನೂ ಬೆಚ್ಚಗಿತ್ತು.